ಹದಿನೆಂಟು ಪರ್ಸೆಂಟ್, ಮೂವತ್ತೆರಡು ಕಿಲೋಮೀಟರ್

ಎಲೆಕ್ಟ್ರಿಕ್ ಕಾರು ದೂರದ ದಾರಿಗೆ ಆಗುತ್ತದಾ ಅಂತ ಹಿಂದೂಪುರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ದಿನಕ್ಕೊಬ್ಬರಾದರೂ ನನ್ನನ್ನು ಕೇಳುತ್ತಾರೆ. ಕೇಳಿದವರಿಗೆ ನಾನು ಮೊದಲು ಹಿಂದಿನ ಬಾಗಿಲು ತೆಗೆದು ಸೀಟು ತೋರಿಸುತ್ತೇನೆ. ಮೂರು ಸಲ ಸೋಪು ಹಾಕಿ ತಿಕ್ಕಿಸಿದರೂ ಎಡಗಡೆ ಅಂಗೈಯಗಲ ಒಂದು ಕಂದು ಕಲೆ ಉಳಿದುಕೊಂಡಿದೆ. ಆವತ್ತು ಅಲ್ಲಿ ತಲೆ ಒಡೆದ ಒಬ್ಬ ಮನುಷ್ಯ ಮಲಗಿದ್ದ. ಬ್ಯಾಟರಿಯಲ್ಲಿ ಹದಿನೆಂಟು ಪರ್ಸೆಂಟ್ ಇತ್ತು. ಕಲ್ಯಾಣದುರ್ಗದ ಆಸ್ಪತ್ರೆ ಮೂವತ್ತೆರಡು ಕಿಲೋಮೀಟರ್ ದೂರ ಇತ್ತು. ಅವನು ಉಳಿಯುತ್ತಾನೋ ಇಲ್ಲವೋ ಎನ್ನುವುದು ನನ್ನ ಬಲಗಾಲಿನ ಹೆಬ್ಬೆರಳಿಗೆ ಬಂದು ನಿಂತಿತ್ತು. ಅವನ ತಲೆ ಒಡೆದದ್ದಕ್ಕೂ ಅರ್ಧ ಕಾರಣ ನಾನೇ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಆವತ್ತಿನ ಬಾಡಿಗೆ ಒಬ್ಬ ಸೀರೆ ವ್ಯಾಪಾರದ ಅಮ್ಮನದು. ಮಗ್ಗದವರಿಂದ ಸೀರೆ ತಂದು ಊರೂರಿನ ಅಂಗಡಿಗಳಿಗೆ ಹಾಕುವವರು, ಅರವತ್ತರ ಹತ್ತಿರದ ವಯಸ್ಸು, ನನಗಿಂತ ಗಟ್ಟಿ ಬಾಯಿ. ಹಿಂದೂಪುರದಿಂದ ಕಲ್ಯಾಣದುರ್ಗ, ಅಲ್ಲಿಂದ ರಾಯದುರ್ಗ, ಬಳ್ಳಾರಿ, ಮರುದಿನ ವಾಪಸ್. ಯಾವಾಗಲೂ ಡೀಸೆಲ್ ಗಾಡಿಯಲ್ಲೇ ಹೋಗುತ್ತಿದ್ದವರನ್ನು ಹದಿನೈದು ದಿನ ಮಾತಾಡಿ ನನ್ನ ಕಡೆಗೆ ಎಳೆದಿದ್ದೆ. ಒಪ್ಪಂದ ಇಷ್ಟೇ: ಈ ಒಂದು ಟ್ರಿಪ್ಪು ಎಲ್ಲೂ ಕೈಕೊಟ್ಟು ನಿಲ್ಲದೆ ಆದರೆ ವರ್ಷದ ಅಷ್ಟೂ ಟ್ರಿಪ್ಪು ನನಗೆ.

ಗಂಟುಗಳನ್ನು ಡಿಕ್ಕಿಗೆ ಏರಿಸುವಾಗಲೇ ಅಮ್ಮ ಶುರು ಮಾಡಿದರು.

"ಏನಪ್ಪಾ, ಇದು ಚಕ್ರ ಇಟ್ಟಿರೋ ಫೋನು ತಾನೇ? ಮಧ್ಯದಾಗ ಆಫ್ ಆಗ್ಬುಟ್ರೆ ಗಂಟು ನಾನ್ ಹೊತ್ಕೊಂಡ್ ಹೋಗ್ಲಾ?"

"ಗಂಟೂ ನಾನೇ ಹೊತ್ಕೊಂಡ್ ಬತ್ತೀನಿ, ನಿಮ್ಮನ್ನೂ ನಾನೇ ಹೊತ್ಕೊಂಡ್ ಬತ್ತೀನಿ ಕಣಮ್ಮ."

"ನನ್ನ ಗಾತ್ರ ನೋಡ್ಕೊಂಡು ಮಾತಾಡು."

ಮಡಕಶಿರಾ ದಾಟಿದೆವು, ಪಾವಗಡ ದಾಟಿದೆವು. ಗಾಡಿ ಬೆಣ್ಣೆಯ ಹಾಗೆ ಹೋಗುತ್ತಿತ್ತು. ಪಾವಗಡದ ಆಚೆ ಒಂದು ಡಾಬಾದ ಪಕ್ಕ ಚಾರ್ಜರ್ ಇದೆ ಎಂದು ಫೋನಿನ ಆಪ್ ಹಸಿರು ಬಣ್ಣದಲ್ಲಿ ತೋರಿಸಿತ್ತು. ನನ್ನ ಲೆಕ್ಕ ಪೂರ್ತಿ ಅದರ ಮೇಲೆ ನಿಂತಿತ್ತು. ಹೋಗಿ ನೋಡಿದರೆ ಪೆಟ್ಟಿಗೆ ಇದೆ, ದೀಪ ಉರಿಯುತ್ತಿದೆ, ಕೇಬಲ್ ಇಲ್ಲ. ಬುಡದಲ್ಲಿ ಕತ್ತರಿಸಿದ ಗುರುತು.

ಕಾವಲಿನವನು ಬೀಡಿ ಆರಿಸಿ ಹತ್ತಿರ ಬಂದ. "ವಾರ ಆತು ಕಣಣ್ಣ. ತಾಮ್ರಕ್ಕೆ ಕುಯ್ಕೊಂಡ್ ಹೋದ್ರು. ಮೂತಿ ಉರೀತದೆ, ನಾಲಿಗೆ ಇಲ್ಲ."

ಇಲ್ಲಿ ಒಂದು ಮಾತು ಬರೆದಿಟ್ಟುಕೊಳ್ಳಿ. ಆಪ್ ನಂಬಬೇಡಿ, ಕಾವಲಿನವನನ್ನು ನಂಬಿ. ಹೊರಡುವ ಮೊದಲು ಅವನ ಫೋನ್ ನಂಬರ್ ಹೇಗಾದರೂ ಹುಡುಕಿ ಕೇಳಿ. ಇನ್ನೊಂದು, ಕಂಪನಿ ಹೇಳಿದ ದೂರದಲ್ಲಿ ಮೂರನೇ ಒಂದು ಭಾಗ ಕಿತ್ತು ಹಾಕಿ. ಬೇಸಿಗೆಯಲ್ಲಿ ಎಸಿ ಹಾಕಿಕೊಂಡು, ಡಿಕ್ಕಿ ತುಂಬಿಕೊಂಡು ಹೋಗುವವನಿಗೆ ಉಳಿಯುವುದು ಅಷ್ಟೇ.

ಡಾಬಾದಲ್ಲಿ ಮಾಮೂಲಿ ಪ್ಲಗ್ ಇತ್ತು. ಎರಡು ಮೂರು ಗಂಟೆ ಅಲ್ಲೇ ಹಾಕಿಕೊಂಡು ಕೂತಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಆದರೆ ಅಮ್ಮನ ಎದುರು ಸೋಲಲು ಮನಸ್ಸಾಗಲಿಲ್ಲ. ನಲವತ್ತೊಂದು ಪರ್ಸೆಂಟ್ ಇದೆ, ಕಲ್ಯಾಣದುರ್ಗಕ್ಕೆ ಧಾರಾಳ ಅಂದುಕೊಂಡೆ. ಹನ್ನೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮೋರಿ ಕಿತ್ತು ಹೊಸದು ಕಟ್ಟುತ್ತಿದ್ದರು, ದಾರಿ ಬಂದ್. ಹಳ್ಳಿಗಳ ಮೇಲೆ ಸುತ್ತಿಕೊಂಡು, ಜಲ್ಲಿ ಸುರಿದ ದಾರಿಯಲ್ಲಿ ಚಕ್ರ ಕೊಸರಿಕೊಂಡು, ಕುಂದುರ್ಪಿ ಕಡೆಯ ರಸ್ತೆಗೆ ಬಂದು ಸೇರುವಾಗ ಸ್ಕ್ರೀನಿನಲ್ಲಿ ಹದಿನಾಲ್ಕು. ಎದುರಿಗೆ ಕಿಲೋಮೀಟರ್ ಕಲ್ಲು: ಕಲ್ಯಾಣದುರ್ಗ ಮೂವತ್ತೆರಡು. ನೆತ್ತಿಯ ಮೇಲೆ ಬಿಸಿಲು.

ರಸ್ತೆಗೆ ಅಂಟಿಕೊಂಡೇ ಒಂದು ಬೋರ್‌ವೆಲ್ಲು, ಹೊಂಗೆ ಮರ, ಮರದ ಕೆಳಗೆ ಮಂಚ, ಪಕ್ಕದ ಮೋಟು ಗೋಡೆಗೆ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ. ನಮ್ಮ ಕಡೆ ಹೊಲದ ಮೋಟಾರಿಗೆ ಹಗಲು ಕೆಲವು ಗಂಟೆ ಮಾತ್ರ ಮೂರು ಫೇಸಿನ ಕರೆಂಟು ಬರುತ್ತದೆ. ಆ ಹೊತ್ತಿಗೆ ಇತ್ತು, ಮೋಟಾರು ಓಡುತ್ತಿತ್ತು. ನಾನು ಗಾಡಿ ಇಳಿದೆ.

ಮಂಚದ ಮೇಲೆ ಐವತ್ತರ ಆಸುಪಾಸಿನ ಆಳು, ಪಕ್ಕದಲ್ಲಿ ಅವನ ಹೆಂಡತಿ ಅವರೆಕಾಯಿ ಬಿಡಿಸುತ್ತಿದ್ದಳು. ಈ ಮನುಷ್ಯನನ್ನು ಮುಂದೆ ಅಣ್ಣ ಎನ್ನುತ್ತೇನೆ.

"ಎರಡು ಗಂಟೆ ಕರೆಂಟು ಬೇಕಾಗಿತ್ತು, ಅಣ್ಣಾ."

"ಕರೆಂಟು ಗೌರ್ಮೆಂಟ್‌ದು, ಬಾವಿ ನಂದು," ಅಂದ. "ಏನ್ ಕೊಡ್ತೀಯ?"

ಅವನ ಹೆಂಡತಿಯ ಕಣ್ಣು ಡಿಕ್ಕಿಯ ಗಾಜಿನ ಹಿಂದಿನ ಗಂಟಿನ ಮೇಲೆ ಬಿದ್ದದ್ದನ್ನು ನಾನು ಆಗಲೇ ನೋಡಿಬಿಟ್ಟಿದ್ದೆ. ಚೌಕಾಸಿಯಲ್ಲಿ ಬಾಯಿ ಏನು ಕೇಳುತ್ತದೆ ಎನ್ನುವುದಕ್ಕಿಂತ ಕಣ್ಣು ಏನು ಕೇಳುತ್ತದೆ ಎಂದು ನೋಡಬೇಕು. ರೇಷ್ಮೆಯಿಂದ ಶುರುವಾಯಿತು. ಅಂಚು ಇರುವ ಹತ್ತಿಗೆ ಇಳಿಸಿದೆ. ಅಲ್ಲಿಂದ ನೇಯ್ಗೆಯಲ್ಲಿ ಒಂದು ಕಡೆ ಎಳೆ ತಪ್ಪಿದ ಹಸಿರು ಸೀರೆಗೆ ತಂದು ನಿಲ್ಲಿಸಿದೆ. ಅಮ್ಮ ಗಂಟು ಬಿಚ್ಚುತ್ತಾ, "ಸೀರೆ ನಂದು, ಶಹಬ್ಬಾಸ್‌ಗಿರಿ ನಿಂದು," ಎಂದರು. ಅಣ್ಣನ ಹೆಂಡತಿ ಸೀರೆಯನ್ನು ಮಡಿಕೆ ಬಿಚ್ಚದೆ ಹೆಗಲ ಮೇಲೆ ಹಾಕಿಕೊಂಡು ನೆರಳು ನೋಡಿಕೊಂಡಳು. ನನಗೆ ಹೆಮ್ಮೆ. ಎರಡು ಗಂಟೆ ಕರೆಂಟಿಗೆ ಮಾರಿಹೋಗದ ಒಂದು ಸೀರೆ!

ಅಣ್ಣ ಸ್ಟಾರ್ಟರ್ ಒತ್ತಿ ಮೋಟಾರು ನಿಲ್ಲಿಸಿದ. "ಎರಡೂ ಒಟ್ಟಿಗೆ ಹಾಕಿದ್ರೆ ಸ್ಟಾರ್ಟರ್ ಬಿದ್ದೋಯ್ತದೆ."

ಇಲ್ಲೇ ನಾನು ತಪ್ಪಿದ್ದು. ಪೈಪಿನಲ್ಲಿ ನೀರು ನಿಂತ ಸದ್ದು ನನ್ನ ಕಿವಿಗೆ ಬಿತ್ತು. ಒಂದು ಕಡೆ ಹೊಲ ಬರಿದು, ಇನ್ನೊಂದು ಕಡೆ ಆವತ್ತು ಬೆಳಗ್ಗೆಯೇ ನೆಟ್ಟ ಟೊಮೆಟೊ ಸಸಿ, ಸಾಲುಸಾಲು ಡ್ರಿಪ್ ಪೈಪು. ಅದೂ ಕಣ್ಣಿಗೆ ಬಿತ್ತು. ಪಾಲಾದ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳಬಹುದು, ಬೋರ್‌ವೆಲ್ಲು ಹಂಚಿಕೊಳ್ಳಲು ಆಗುವುದಿಲ್ಲ. ಅದಕ್ಕೆ ದಿನ ಬಿಟ್ಟು ದಿನ ಸರದಿ. ವಂತು ಎನ್ನುತ್ತೇವೆ ನಮ್ಮ ಕಡೆ. ಅದನ್ನು ತಿಳಿಯದವನಲ್ಲ ನಾನು, ಈ ನೆಲದಲ್ಲೇ ಬೆಳೆದವನು. ಆದರೂ ಇವತ್ತು ಯಾರ ವಂತು ಎಂದು ಕೇಳಲಿಲ್ಲ. ನನ್ನ ಕಣ್ಣು ಹದಿನಾಲ್ಕರ ಮೇಲಿತ್ತು.

ಸ್ಟಾರ್ಟರಿನಿಂದ ಒಂದು ಫೇಸು, ಕಂಬದಿಂದ ಇಳಿದಿದ್ದ ನ್ಯೂಟ್ರಲ್ಲು ಎಳೆದು ನನ್ನ ಪ್ಲಗ್ ಬೋರ್ಡಿಗೆ ಕೊಟ್ಟೆ. ಚಾರ್ಜರ್ ಪೆಟ್ಟಿಗೆಯಲ್ಲಿ ಕೆಂಪು ದೀಪ. ಅರ್ತಿಂಗ್ ಇಲ್ಲದಿದ್ದರೆ ಈ ಕಾರು ಒಂದು ಗುಟುಕೂ ಕುಡಿಯುವುದಿಲ್ಲ. ಅಣ್ಣನಿಂದ ಹಾರೆ ಇಸಿದುಕೊಂಡು, ಪೈಪು ಸೋರಿ ಕೆಸರಾಗಿದ್ದ ಕಡೆ ಮೊಳದುದ್ದ ಇಳಿಸಿ, ಅದಕ್ಕೆ ತಂತಿ ಸುತ್ತಿ, ಎರಡು ಬಿಂದಿಗೆ ನೀರು ಹೊಯ್ದೆ. ದೀಪ ಹಸಿರಾಯಿತು. ನೀವು ಯಾರೂ ಇದನ್ನು ಮಾಡಬೇಡಿ. ಹಾರೆ ಮುಟ್ಟಿ ಸತ್ತವರಿದ್ದಾರೆ. ನಾನು ಮಾಡಿದೆ ಎನ್ನುವುದನ್ನು ಹೇಳುತ್ತಿದ್ದೇನೆ, ಮಾಡಿ ಎಂದಲ್ಲ.

ಇಪ್ಪತ್ತೈದು ನಿಮಿಷ ಆಗಿರಬೇಕು. ಸಸಿಗಳ ಸಾಲಿನ ಆ ತುದಿಯಿಂದ ಒಬ್ಬ ಹೆಂಗಸು ಓಡಿ ಬಂದಳು. ಅಣ್ಣನಿಂದ ಪಾಲಾಗಿದ್ದ ತಮ್ಮನ ಹೆಂಡತಿ.

"ನೀರ್ಯಾಕೆ ನಿಂತೋತು ಭಾವಾ? ಸಸಿ ತಲೆ ಹಾಕ್ಬುಟ್ಟವೆ!" ಎಂದವಳು ಕಾರು ನೋಡಿದಳು, ತಂತಿ ನೋಡಿದಳು, ವಾರಗಿತ್ತಿಯ ಹೆಗಲ ಮೇಲಿನ ಹಸಿರು ಸೀರೆ ನೋಡಿದಳು. "ಓಹೋ! ನಮ್ಮ ವಂತಿನ ಕರೆಂಟು, ನಿಂಗೆ ಸೀರೆಯಾ?"

"ಎರಡು ಗಂಟೆ ಕಣಮ್ಮಿ, ಸಾಯಂತ್ರ ಬಿಟ್ಕೊಡ್ತೀವಿ," ಎಂದಳು ಅಣ್ಣನ ಹೆಂಡತಿ.

"ಸಾಯಂತ್ರ ಕರೆಂಟು ನಿಮ್ಮಪ್ಪ ಕೊಡ್ತಾನಾ?"

ಅಷ್ಟರಲ್ಲಿ ತಮ್ಮ ಬಂದ. ಕುಂದುರ್ಪಿಗೆ ಔಷಧಿ ತರಲು ಹೋಗಿದ್ದವನು, ಬೈಕಿನಲ್ಲಿ ಬರುತ್ತಲೇ ದೂರದಿಂದ ಮೋಟಾರು ನಿಂತಿರುವುದನ್ನು ಕಂಡಿದ್ದಾನೆ. ಸ್ಟ್ಯಾಂಡ್ ಹಾಕದೆ ಬೈಕು ಕೆಡವಿ ಬಂದ. ನನ್ನ ಪ್ಲಗ್ ಬೋರ್ಡನ್ನು ಒದ್ದ.

"ಇವತ್ತು ಯಾರ ವಂತಣ್ಣ? ನೀನೇ ಹೇಳು. ಯಾರ ವಂತು?"

"ಲೇ, ದಾರಿ ಹೋಕರು ಕಣ್ಲಾ, ಹೆಂಗಸರು ಅವ್ರೆ..."

"ಯಾರ ವಂತು ಅಂತ ಕೇಳ್ದೆ!"

ನಾನು ನಡುವೆ ಹೋಗಿ, "ತಮ್ಮಾ, ಈಗ್ಲೇ ಕೀಳ್ತೀನಿ, ಬಿಡಪ್ಪ," ಎಂದೆ. ಎದೆಗೆ ಕೈ ಹಾಕಿ ತಳ್ಳಿದ. ಬೆನ್ನು ಬಾನೆಟ್ಟಿಗೆ ಬಡಿಯಿತು. ಅವನು ಕೆಸರಿನಿಂದ ಹಾರೆಯನ್ನು ಕಿತ್ತ. ದೀಪ ಕೆಂಪಾಯಿತು. ಅದೇ ಹಾರೆಯಿಂದ ಕಾರಿನ ಮುಂದಿನ ದೀಪಕ್ಕೆ ಹೊಡೆದ, ಗಾಜು ನನ್ನ ಪಂಚೆಯ ಮೇಲೆ ಉದುರಿತು. ಇನ್ನೊಂದು ಏಟು ಬಾನೆಟ್ಟಿಗೆ. ಆಮೇಲೆ ಹಾರೆ ಎಸೆದು ಅತ್ತಿಗೆಯ ಕಡೆ ತಿರುಗಿ, ಅವಳ ಹೆಗಲಿನ ಹೊಸ ಸೀರೆಗೆ ಕೈ ಹಾಕಿ ಜಗ್ಗಿದ. ಅವನು ಜಗ್ಗಿದ್ದು ಹೊಸ ಸೀರೆಯನ್ನೇ. ಅದರ ಜೊತೆ ಅವಳು ಉಟ್ಟ ಸೀರೆಯ ಸೆರಗೂ ಬಂತು. ಅವಳು ಎದೆಗೆ ಕೈ ಅಡ್ಡ ಹಿಡಿದು ಕುಕ್ಕರಿಸಿದಳು.

ಅಣ್ಣ ಹಾರೆ ಎತ್ತಿಕೊಂಡದ್ದನ್ನು ನಾನು ನೋಡಲಿಲ್ಲ. ಸದ್ದು ಮಾತ್ರ ಕೇಳಿತು. ತೆಂಗಿನಕಾಯಿಯನ್ನು ಕಲ್ಲಿಗೆ ಹೊಡೆದಂಥದ್ದಲ್ಲ. ಒದ್ದೆ ಮಣ್ಣಿಗೆ ಏನೋ ಭಾರವಾದದ್ದು ಬಿದ್ದ ಹಾಗೆ. ತಮ್ಮ ಎರಡು ಹೆಜ್ಜೆ ಸರಿಯಾಗಿಯೇ ನಡೆದ. ಆಮೇಲೆ ಮಡಿಚಿಕೊಂಡು ಸ್ಟಾರ್ಟರಿನ ಗೋಡೆಗೆ ಒರಗಿ ಕೆಳಗೆ ಜಾರಿದ. ಕಿವಿಯ ಮೇಲೆ ಚರ್ಮ ಬಿರಿದು ಒಳಗಿನ ಬಿಳಿ ಕಾಣುತ್ತಿತ್ತು. ರಕ್ತ ಕುತ್ತಿಗೆಗೆ ಇಳಿದು ಅಂಗಿಯೊಳಗೆ ಹೋಗುತ್ತಿತ್ತು. ಕಿವಿಯ ಒಳಗಿನಿಂದಲೂ ಸಣ್ಣಗೆ ಬರುತ್ತಿತ್ತು.

ಅವನ ಹೆಂಡತಿ ಅಣ್ಣನ ಮೇಲೆ ಹಾರಿ ಮುಖ ಪರಚಿದಳು, ಮುಂಗೈ ಕಚ್ಚಿದಳು. ಅವನು ತಪ್ಪಿಸಿಕೊಳ್ಳಲಿಲ್ಲ. ಹಾರೆ ಹಿಡಿದುಕೊಂಡೇ ನಿಂತಿದ್ದ. ಅವಳು ಫೋನಿನಲ್ಲಿ ಅವಳ ಅಣ್ಣಂದಿರಿಗೆ ಕೂಗಿದ್ದು ಇಡೀ ಬಯಲಿಗೆ ಕೇಳಿತು: "ನಾ ಮೊಗುಣ್ಣಿ ಚಂಪೇಸಿನಾರು! ಬನ್ನಿ!" ಗಂಡನನ್ನು ಕೊಂದುಬಿಟ್ಟರು ಎಂದು, ತೆಲುಗಿನಲ್ಲಿ. ಅವಳ ಅಣ್ಣಂದಿರು ಕುಂದುರ್ಪಿಯಲ್ಲಿ ಕುರಿ ವ್ಯಾಪಾರ ಮಾಡುವವರು.

ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಗಾಡಿ ಬೇರೆ ಕಡೆ ಹೋಗಿದೆ, ಗಂಟೆಯ ಮೇಲಾಗುತ್ತದೆ ಎಂದರು. ರಸ್ತೆಯಲ್ಲಿ ಎರಡೂ ಕಡೆ ಒಂದು ಗಾಡಿ ಇಲ್ಲ. ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್ ಇತ್ತು, ಆ ತಲೆಯನ್ನು ಟ್ರೈಲರಿನಲ್ಲಿ ಹಾಕಿ ಕುಲುಕಿದರೆ ಮುಗಿಯಿತು. ಉಳಿದದ್ದು ನನ್ನ ಕಾರು. ಕೀ ತಿರುಗಿಸಿ ನೋಡಿದೆ. ಹದಿನೆಂಟು.

ಅಮ್ಮ ನನ್ನ ಮುಖ ನೋಡಿದರು. ಆಗ ಅವರು ನನ್ನನ್ನು ಹಂಗಿಸಲಿಲ್ಲ. "ಗಂಟು ಇಳ್ಸು. ಭಾರ ಇಳ್ಸು ಮೊದ್ಲು," ಎಂದರು. ಅಷ್ಟೂ ಸೀರೆ ಹೊಂಗೆ ಮರದ ಕೆಳಗೆ, ಅಣ್ಣನ ಹೆಂಡತಿಯ ಕಾಲ ಬಳಿ ಬಿತ್ತು. ಹಸಿರು ಸೀರೆಯನ್ನು ಅಮ್ಮನೇ ನೆಲದಿಂದ ಎತ್ತಿ, ಮಡಿಸಿ, ಗಾಯಕ್ಕೆ ಒತ್ತಿ, ಉಳಿದದ್ದನ್ನು ಗದ್ದದ ಕೆಳಗಿಂದ ಸುತ್ತಿ ಕಟ್ಟಿದರು. ಹಿಂದಿನ ಸೀಟಿನಲ್ಲಿ ಅವರ ತೊಡೆಯ ಮೇಲೆ ಅವನ ತಲೆ, ಕಾಲ ಕಡೆ ಹೆಂಡತಿ. ನಾನು ಹೊರಡುವಷ್ಟರಲ್ಲಿ ಅಣ್ಣ ಮುಂದಿನ ಬಾಗಿಲು ತೆಗೆದು ಕೂತುಬಿಟ್ಟ.

"ಇವನ್ನ ಇಳ್ಸು! ಇವನ್ನ ಇಳ್ಸದಿದ್ರೆ ನಿನ್ನೂ ಬಿಡಲ್ಲ!" ಹಿಂದಿನಿಂದ ಅವಳು.

"ಅವನು ಇಲ್ಲೇ ಇದ್ರೆ ನಿನ್ನ ಅಣ್ಣಂದಿರು ಕೊಂದಾಕ್ತಾರೆ. ಹೆಣ ಎರಡಾಯ್ತವೆ ಕಣಮ್ಮ," ಎಂದು ಗಾಡಿ ಬಿಟ್ಟೆ.

ಈಗ ಲೆಕ್ಕ ಹೇಳುತ್ತೇನೆ, ಗಮನವಿಟ್ಟು ಕೇಳಿ. ಈ ಕಾರು ಎಂಬತ್ತರಲ್ಲಿ ಹೋದರೆ ಒಂದು ಪರ್ಸೆಂಟಿಗೆ ಒಂದೂಕಾಲು ಕಿಲೋಮೀಟರ್ ಕೊಡುತ್ತದೆ. ನಲವತ್ತರಲ್ಲಿ ಹೋದರೆ, ಎಸಿ ಆರಿಸಿ ಕಿಟಕಿ ಏರಿಸಿದರೆ, ಎರಡರ ಹತ್ತಿರ. ಎಂಬತ್ತರಲ್ಲಿ ಇಪ್ಪತ್ತನಾಲ್ಕು ನಿಮಿಷದ ದಾರಿ, ಆದರೆ ಮುಟ್ಟುವುದಿಲ್ಲ. ನಲವತ್ತರಲ್ಲಿ ಐವತ್ತು ನಿಮಿಷ, ಮುಟ್ಟಬಹುದು. ಡೀಸೆಲ್ ಗಾಡಿಯವನಿಗೆ ಈ ಲೆಕ್ಕವೇ ಇರುವುದಿಲ್ಲ, ಅವನು ತುಳಿಯುತ್ತಾನೆ.

ನಾನೂ ಮೊದಲು ತುಳಿದೆ. ಸುಳ್ಳು ಹೇಳುವುದಿಲ್ಲ. ಹಿಂದೆ ಅವನ ಉಸಿರು ಗೊರಗೊರ ಎನ್ನುತ್ತಿತ್ತು, ನನ್ನ ಕಾಲು ತಾನಾಗಿ ಒತ್ತಿತು, ಎಪ್ಪತ್ತು ದಾಟಿತು. ನಾಲ್ಕು ಕಿಲೋಮೀಟರ್ ಹೋದ ಮೇಲೆ ಸ್ಕ್ರೀನ್ ನೋಡಿದೆ. ಹದಿನೈದು. ಇನ್ನು ಓಡುವ ದೂರ ಇಪ್ಪತ್ತೆರಡು ಎಂದು ತೋರಿಸುತ್ತಿತ್ತು. ಹೊರಗಿನ ಕಲ್ಲಿನ ಮೇಲೆ ಇಪ್ಪತ್ತೆಂಟು. ಕಾಲು ಎತ್ತಿದೆ. ಎಸಿ ಆರಿಸಿದೆ. ಕಿಟಕಿ ಏರಿಸಿದೆ. ನಲವತ್ತಕ್ಕೆ ತಂದು ನಿಲ್ಲಿಸಿದೆ.

"ಯಾಕ್ ನಿಧಾನ ಮಾಡ್ದೆ? ಪೋನೀ! ಪೋನೀ! ಓಡ್ಸು!"

"ನಿಧಾನ ಹೋದ್ರೇನೇ ಮುಟ್ಟೋದಮ್ಮಾ."

ಅವಳು ನನ್ನ ತಲೆಯ ಹಿಂದೆ ಗುದ್ದಿದಳು. ಕೂದಲು ಹಿಡಿದು ಎಳೆದಳು. "ಇವನು ಅವನ ಕಡೆಯವನು! ದಾರೀಲೇ ಸಾಯ್ಲಿ ಅಂತ ನಿಧಾನ ಹೋಯ್ತವ್ನೆ!" ಎಂದು ನನ್ನ ಹೆಗಲಿಗೆ ಹಲ್ಲು ಹಾಕಿದಳು. ಅಂಗಿಯ ಮೇಲಿಂದ ಕಚ್ಚಿದ ಗುರುತು ತಿಂಗಳು ಇತ್ತು. ಮುಚ್ಚಿದ ಕಾರಿನೊಳಗೆ ಒಲೆಯ ಕಾವು, ರಕ್ತದ ವಾಸನೆ, ನನ್ನ ಕಣ್ಣಿಗೆ ಬೆವರು ಇಳಿದು ರಸ್ತೆ ಕಲಸಿಹೋಗುತ್ತಿತ್ತು.

ಅಷ್ಟು ಹೊತ್ತು ಕಲ್ಲಿನ ಹಾಗೆ ಕೂತಿದ್ದ ಅಣ್ಣ ಒಮ್ಮೆಗೇ ತಿರುಗಿ ನನ್ನ ಕುತ್ತಿಗೆಗೆ ಕೈ ಹಾಕಿದ. ಅದೇ ಕೈ.

"ನನ್ನ ತಮ್ಮ ಸತ್ತೋಯ್ತಾನೆ ಕಣೋ. ತುಳೀತೀಯೋ ಇಲ್ವೋ?"

ಗಂಟಲು ಒತ್ತಿತು, ಗಾಡಿ ರಸ್ತೆಯ ಅಂಚಿಗೆ ಹೋಗಿ ಜಲ್ಲಿಯಲ್ಲಿ ಹೊಯ್ದಾಡಿತು. ಬಿಡಿಸಿಕೊಳ್ಳಲು ಕೈ ಬಿಡುವಂತಿಲ್ಲ. ನಿಲ್ಲಿಸುವಂತಿಲ್ಲ, ನಿಂತು ಹೊರಡುವುದಕ್ಕೇ ಬ್ಯಾಟರಿ ಹೆಚ್ಚು ಕೇಳುತ್ತದೆ. ಆಗ ನನಗೆ ಗೊತ್ತಿರುವ ಒಂದೇ ಕೆಲಸ ಮಾಡಿದೆ. ಅವನ ಜೊತೆ ಚೌಕಾಸಿಗೆ ಕೂತೆ.

"ಅಣ್ಣಾ, ಓದಕ್ಕೆ ಬತ್ತದಾ? ನಂಬರು?" ಎಂದೆ, ಬಂದಷ್ಟು ದನಿಯಲ್ಲಿ. "ಈ ಸ್ಕ್ರೀನ್ ಮೇಲೆ ಒಂದು ನಂಬರೈತೆ, ಇನ್ನೆಷ್ಟು ದೂರ ಓಡ್ತದೆ ಅಂತ. ಹೊರಗೆ ಕಲ್ಲಿನ ಮೇಲೆ ಒಂದು ನಂಬರೈತೆ, ಊರು ಎಷ್ಟು ದೂರ ಅಂತ. ಈಗ ಸ್ಕ್ರೀನಿಂದು ಸಣ್ಣದು. ಅದು ಕಲ್ಲಿಂದಕ್ಕಿಂತ ದೊಡ್ಡದಾದ್ರೆ ನಿನ್ನ ತಮ್ಮ ಆಸ್ಪತ್ರೆ ಸೇರ್ತಾನೆ. ನಿಧಾನ ಹೋದ್ರೆ ಮಾತ್ರ ದೊಡ್ಡದಾಯ್ತದೆ. ನೀನೇ ಓದು, ಜೋರಾಗಿ ಓದು. ನಾನ್ ಹೇಳಿದ್ದು ಸುಳ್ಳಾದ್ರೆ ಆಗ ಹಿಸುಕು. ನಾನೆಲ್ಲೂ ಹೋಗಲ್ಲ."

ಕೈ ಸಡಿಲವಾಯಿತು. ಪೂರ್ತಿ ತೆಗೆಯಲಿಲ್ಲ, ಹೆಗಲ ಮೇಲೆ ಇಟ್ಟುಕೊಂಡ. ಮುಂದಿನ ಕಲ್ಲು ಬಂತು.

"ಕಲ್ಲು ಇಪ್ಪತ್ತೈದು," ಎಂದು ಓದಿದ. "ಇದು ಇಪ್ಪತ್ತೆರಡು."

"ಹೂಂ. ಬಿಡಬ್ಯಾಡ."

"ಕಲ್ಲು ಇಪ್ಪತ್ತೆರಡು. ಇದು... ಇಪ್ಪತ್ತೊಂದು."

ಹಿಂದೆ ಅವಳ ಕೈ ನನ್ನ ಕೂದಲಲ್ಲೇ ಇತ್ತು, ಆದರೆ ಎಳೆಯುತ್ತಿರಲಿಲ್ಲ. ಅವಳೂ ಎರಡು ಸೀಟಿನ ನಡುವೆ ಬಗ್ಗಿ ಸ್ಕ್ರೀನ್ ನೋಡುತ್ತಿದ್ದಳು. ಅಮ್ಮ ಅವನ ಕೆನ್ನೆ ತಟ್ಟುತ್ತಾ, "ಕೇಳಿಸ್ಕೊಳ್ಳೋ ಮಗನೇ, ನಿಮ್ಮಣ್ಣ ಲೆಕ್ಕ ಹೇಳ್ತವ್ನೆ, ನಿದ್ದೆ ಮಾಡಬ್ಯಾಡ," ಎನ್ನುತ್ತಿದ್ದರು.

"ಹತ್ತೊಂಬತ್ತು. ಹತ್ತೊಂಬತ್ತು," ಎಂದ ಅಣ್ಣ.

ಆಗ ಹಿಂದಿನ ಬಾಗಿಲಿನ ಗಾಜು ಒಡೆಯಿತು. ಎರಡು ಬೈಕು, ನಾಲ್ಕು ಜನ, ಅವಳ ಅಣ್ಣಂದಿರು ಮತ್ತು ಅವರ ಕಡೆಯವರು. ಕುರಿ ಹೊಡೆಯುವ ಕೋಲು, ಕೈಯಲ್ಲಿ ಕಲ್ಲು. ಕೊಂದವನು ಮುಂದಿನ ಸೀಟಿನಲ್ಲಿ ಕೂತಿದ್ದಾನೆ, ಕಾರು ಎತ್ತಿನ ಗಾಡಿಯ ಹಾಗೆ ಹೋಗುತ್ತಿದೆ. ಅವರಿಗೆ ಏನು ಅನ್ನಿಸಬೇಕೋ ಅದೇ ಅನ್ನಿಸಿದೆ. ಒಂದು ಬೈಕು ನನ್ನ ಪಕ್ಕಕ್ಕೆ ಬಂತು. ಕೋಲಿನ ಏಟಿಗೆ ಕನ್ನಡಿ ಹಾರಿತು. ಎರಡನೆಯದಕ್ಕೆ ನನ್ನ ಕಿಟಕಿ ಪುಡಿಯಾಯಿತು. ಮೂರನೆಯದು ಒಂದು ಕಲ್ಲು, ನನ್ನ ಬಲಗಿವಿಗೆ. ಒಂದು ಕ್ಷಣ ಏನೂ ಕೇಳಿಸಲಿಲ್ಲ. ಕಿವಿಯಿಂದ ಕುತ್ತಿಗೆಗೆ ಬಿಸಿಯಾಗಿ ಇಳಿಯುವುದು ಮಾತ್ರ ಗೊತ್ತಾಗುತ್ತಿತ್ತು. ಇನ್ನೊಂದು ಬೈಕು ಎದುರಿಗೆ ಹೋಗಿ ಅಡ್ಡ ತಿರುಗತೊಡಗಿತು.

ಕಾಲನ್ನು ನಲವತ್ತರಿಂದ ಎತ್ತಲಿಲ್ಲ, ಒತ್ತಲೂ ಇಲ್ಲ.

ಅವಳು, ನನ್ನ ಹೆಗಲು ಕಚ್ಚಿದ್ದ ಅವಳೇ, ಒಡೆದ ಗಾಜಿನಿಂದ ಸೊಂಟದವರೆಗೆ ಹೊರಗೆ ಬಂದಳು. ಅಂಗೈ ಕುಯ್ದುಕೊಂಡದ್ದೂ ಅವಳಿಗೆ ತಿಳಿಯಲಿಲ್ಲ. "ಬಿಡ್ರೋ! ಹೊಡೀಬ್ಯಾಡ್ರೋ! ನಿಂತ್ರೆ ಸತ್ತೋಯ್ತಾನೆ! ಮುಂದಕ್ಕೋಗಿ ದಾರಿ ಬಿಡ್ಸ್ರೋ!"

ಅಡ್ಡ ಬಂದ ಬೈಕು ಬಂಪರಿಗೆ ಮೊಳದಷ್ಟು ದೂರದಲ್ಲಿ ಸರಿಯಿತು. ಆಮೇಲೆ ಎರಡೂ ಬೈಕು ಮುಂದೆ ಹೋದವು. ತಿರುವಿನ ಆಚೆ ರಸ್ತೆ ತುಂಬ ಕುರಿಮಂದೆ ಇತ್ತು. ನಾನೊಬ್ಬನೇ ಆಗಿದ್ದರೆ ನಿಲ್ಲಿಸಬೇಕಾಗುತ್ತಿತ್ತು. ಅವರು ಮಂದೆಯೊಳಗೆ ನುಗ್ಗಿ, ಗದರಿಸಿ, ಕೋಲಿನಿಂದ ಬಡಿದು, ಎರಡು ಭಾಗ ಮಾಡಿ ದಾರಿ ಬಿಡಿಸಿದರು. ನಾವು ನಡುವೆ ಹಾದುಹೋದೆವು.

"ಕಲ್ಲು ಹದಿನೇಳು," ಅಣ್ಣ ಓದಿದ. "ಇದು ಹದಿನೆಂಟು." ಇನ್ನೊಮ್ಮೆ ಓದಿದ. ನನ್ನ ಹೆಗಲಿನಿಂದ ಕೈ ತೆಗೆದು ಎರಡೂ ಕೈಯಲ್ಲಿ ತನ್ನ ಬಾಯಿ ಮುಚ್ಚಿಕೊಂಡ.

ಐದು ಪರ್ಸೆಂಟಿಗೆ ಬಂದಾಗ ಕಾರು ತಾನೇ ತನ್ನನ್ನು ಕಟ್ಟಿಹಾಕಿಕೊಂಡಿತು. ಎಷ್ಟು ಒತ್ತಿದರೂ ಮೂವತ್ತು. ಇದೂ ನಿಮಗೆ ಗೊತ್ತಿರಲಿ, ಕೊನೆಯ ಐದು ನಿಮ್ಮದಲ್ಲ, ಅದು ಕಾರಿನದು. ಒಂಬತ್ತು ಕಿಲೋಮೀಟರ್ ಹಾಗೆ ತೆವಳಿದೆವು. ಊರೊಳಗೆ ಆಟೋ, ಶೇರ್ ಜೀಪು, ಬಸ್ಸು. ಮುಂದೆ ಆ ಬೈಕುಗಳು ಕೋಲು ಎತ್ತಿ ಎಲ್ಲರನ್ನೂ ಪಕ್ಕಕ್ಕೆ ಅಟ್ಟುತ್ತಾ ಹೋದವು. ಆಸ್ಪತ್ರೆಯ ಗೇಟಿನಲ್ಲಿ ಒಂದು ಇದ್ದದ್ದು ಸೊನ್ನೆಯಾಯಿತು. ಗೇಟಿಗೆ ಅಡ್ಡವಾಗಿಯೇ ಗಾಡಿ ನಿಂತಿತು.

ಅವನನ್ನು ಸ್ಟ್ರೆಚರಿಗೆ ಹಾಕಿಕೊಂಡು ಒಳಗೆ ಹೋದರು. ಅಂಗಳದಲ್ಲಿ ಅವಳ ಅಣ್ಣಂದಿರು ಆ ಅಣ್ಣನನ್ನು ಹಿಡಿದರು. ಬಿದ್ದವನನ್ನು ಒದ್ದರು, ಎಬ್ಬಿಸಿ ಒದ್ದರು. ಅವನು ಒಮ್ಮೆಯೂ ಕೈ ಎತ್ತಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ. ಬಿಡಿಸಲು ಹೋದ ನನಗೂ ಒಂದು ಕಪಾಳಕ್ಕೆ ಬಿತ್ತು. ಕಾನ್‌ಸ್ಟೇಬಲ್ ಬಂದು ಅವನನ್ನು ಕರೆದುಕೊಂಡು ಹೋಗುವಾಗ, ಹಲ್ಲಿನ ರಕ್ತ ಉಗಿದು ನನ್ನನ್ನು ಕೇಳಿದ: "ಕೊನೇಗೆ ಎಷ್ಟಿತ್ತು?"

"ಸೊನ್ನೆ," ಎಂದೆ.

ಡಾಕ್ಟರು ಹೊರಗೆ ಬಂದು, ತಲೆಯೊಳಗೆ ರಕ್ತ ಕಟ್ಟುತ್ತಿದೆ, ಇಲ್ಲಿ ಆಗುವುದಿಲ್ಲ, ಅನಂತಪುರಕ್ಕೆ ಕಳಿಸುತ್ತೇವೆ ಎಂದರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಳಿಸುವ ಅಗತ್ಯ ಇರುತ್ತಿರಲಿಲ್ಲ ಎಂದೂ ಹೇಳಿದರು. ಅದನ್ನು ಕೇಳಿ ನನಗೆ ನೆಮ್ಮದಿ ಆಗಲಿಲ್ಲ. ಎಂಬತ್ತರಲ್ಲಿ ಹೊಡೆದು ಇಪ್ಪತ್ತಾರು ನಿಮಿಷ ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಬೇಕೆನಿಸಿತು.

ಆ ಪ್ರಶ್ನೆ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಗಾಜು, ದೀಪ ಹಾಕಿಸಿದ ಮೇಲೆ ಒಂದು ದಿನ ಅದೇ ಜಾಗಕ್ಕೆ ಹೋದೆ. ಹದಿನೆಂಟು ಪರ್ಸೆಂಟ್ ಉಳಿಸಿಕೊಂಡು, ನಾಲ್ಕು ಜನರ ಭಾರಕ್ಕೆ ಮರಳಿನ ಚೀಲ ಹಾಕಿಕೊಂಡು, ಎಂಬತ್ತರಲ್ಲಿ ಹೊಡೆದೆ. ಇಪ್ಪತ್ತಮೂರನೇ ಕಿಲೋಮೀಟರಿನಲ್ಲಿ ಗಾಡಿ ಸತ್ತಿತು. ಸುತ್ತ ಬರೀ ಕಲ್ಲು, ಜಾಲಿ. ಅಲ್ಲಿ ಇಳಿದು ಕಲ್ಲಿನ ಮೇಲೆ ಒಂದು ಗಂಟೆ ಕೂತಿದ್ದೆ. ಆಮೇಲೆ ಎಳೆದುಕೊಂಡು ಹೋಗಲು ಗಾಡಿ ಕರೆಸಿದೆ. ಕೇಳಿದವರಿಗೆಲ್ಲ ಈಗ ಉತ್ತರ ಹೇಳಬಲ್ಲೆ: ದೂರದ ದಾರಿಗೆ ಈ ಕಾರು ಆಗುತ್ತದೆ, ನಿಮಗೆ ಅವಸರ ಇಲ್ಲದಿದ್ದರೆ. ಅವಸರ ಯಾವತ್ತು ಬರುತ್ತದೆ ಎಂದು ನಿಮಗೆ ಗೊತ್ತಿದ್ದರೆ ಕೊಂಡುಕೊಳ್ಳಿ.

ಸೀರೆ ಗಂಟು ಒಂದೂ ಕಳೆದಿರಲಿಲ್ಲ. ಅಣ್ಣನ ಹೆಂಡತಿ ಎಲ್ಲವನ್ನೂ ಮನೆಯೊಳಗಿಟ್ಟು ಬಾಗಿಲಲ್ಲೇ ಮಲಗಿದ್ದಳಂತೆ. ಅಮ್ಮ ವರ್ಷದ ಟ್ರಿಪ್ಪನ್ನು ನನಗೇ ಕೊಟ್ಟರು. "ನಿಂತೋಗ್ತದೆ ಅಂದ್ಕೊಂಡಿದ್ದೆ ಕಣಪ್ಪ. ನಿಂತಿದ್ದು ಗೇಟಲ್ಲಿ," ಎಂದರು. ಅಣ್ಣ ಜಾಮೀನಿನ ಮೇಲೆ ಹೊರಗಿದ್ದಾನೆ. ಕೇಸು ನಡೆಯುತ್ತಿದೆ, ನಾನು ಸ್ಟಾರ್ಟರಿಗೆ ತಂತಿ ಎಳೆದದ್ದನ್ನೂ ಸೇರಿಸಿ ಎಲ್ಲ ಹೇಳಿದ್ದೇನೆ.

ಮೊನ್ನೆ ಅಮ್ಮನ ಜೊತೆ ಅದೇ ದಾರಿಯಲ್ಲಿ ಹೋಗುವಾಗ ಆ ಬಾವಿಯ ಹತ್ತಿರ ಗಾಡಿ ನಿಲ್ಲಿಸಿದೆ. ಅರವತ್ತು ಪರ್ಸೆಂಟ್ ಇತ್ತು, ಕರೆಂಟು ಬೇಕಾಗಿರಲಿಲ್ಲ. ಮೋಟಾರು ಓಡುತ್ತಿತ್ತು. ತಮ್ಮ ಸ್ಟಾರ್ಟರಿನ ಪಕ್ಕ ಕಲ್ಲಿನ ಮೇಲೆ ಕೂತಿದ್ದ. ಕೂದಲು ಬೆಳೆದು ಗಾಯ ಮುಚ್ಚಿತ್ತು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮಾತು ಇನ್ನೂ ಪೂರ್ತಿ ತಿರುಗಿ ಬಂದಿಲ್ಲ ಎಂದು ಅವನ ಹೆಂಡತಿ ಮೊದಲೇ ಹೇಳಿದ್ದಳು. ನನ್ನ ಗುರುತು ಸಿಕ್ಕಿತೋ ಇಲ್ಲವೋ, ಕಾರಿನ ಗುರುತು ಸಿಕ್ಕಿತು. ಬಾನೆಟ್ಟಿನ ಗುಳಿಯನ್ನೇ ನೋಡುತ್ತಿದ್ದ.

"ಇವತ್ತು ಯಾರ ವಂತು, ತಮ್ಮಾ?" ಎಂದೆ.

ತುಟಿ ಅಲುಗಿತು. ಹೊತ್ತು ಹಿಡಿಯಿತು. "ನಂ... ನಂದು."

"ಒಂದು ಗಂಟೆ ಕರೆಂಟು ಕೊಡ್ತೀಯಾ?"

ಅವನು ಎಡಗೈಯನ್ನು ಎತ್ತಿ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಇಟ್ಟುಕೊಂಡ. ಕುತ್ತಿಗೆಯ ನರ ಉಬ್ಬಿತು, ಮಾತು ಗಂಟಲಲ್ಲಿ ಎರಡು ಸಲ ಸಿಕ್ಕಿಕೊಂಡಿತು, ಮೂರನೇ ಸಲಕ್ಕೆ ಸ್ಪಷ್ಟವಾಗಿ ಬಂತು.

"ಕೊಡಲ್ಲ."

ನಾನು ಚೌಕಾಸಿ ಮಾಡಲಿಲ್ಲ. ಕೈ ಮುಗಿದು ಕಾರು ಹತ್ತಿದೆ.